ಲಾರಿ ಬರಲೇ ಇಲ್ಲ

ಈ ಊರಿನಲ್ಲಿ ನಾವು ಗಾಜು ಹಾಕದ ಕಿಟಕಿ ಒಂದೂ ಇಲ್ಲ. ಇದೆ ಎಂದು ಯಾರಾದರೂ ತೋರಿಸಿದರೆ ಅದು ಕಿಟಕಿಯಲ್ಲ, ಗೋಡೆಗೆ ಬಿದ್ದ ತೂತು. ನನ್ನ ಅಣ್ಣ ಗಾಜು ಕೊಯ್ಯಲು ನಿಂತರೆ ಬೀದಿಯ ಅಷ್ಟೂ ನಾಯಿಗಳು ಬೊಗಳುವುದನ್ನು ನಿಲ್ಲಿಸಿ ಅಂಗಡಿಯ ಮುಂದೆ ಕೂತು ನೋಡುತ್ತಿದ್ದವು. ವಜ್ರದ ಮೊನೆಯ ಪೆನ್ನನ್ನು ಅವನು ಒಂದು ಸಲ ಎಳೆದನೆಂದರೆ ಸಾಕು, ಗಾಜು ತಾನಾಗಿಯೇ 'ಆಗಲಿ ಯಜಮಾನರೆ' ಎಂದು ಎರಡಾಗುತ್ತಿತ್ತು. ನಾಯಿಗಳ ವಿಷಯ ಸ್ವಲ್ಪ ಹೆಚ್ಚಾಯಿತು ಅನ್ನಿಸಿದರೆ ಒಂದೆರಡು ನಾಯಿಗಳನ್ನು ಕಳೆದುಬಿಡಿ, ನನ್ನದೇನೂ ಅಭ್ಯಂತರವಿಲ್ಲ.

ನಾನು ಹುಟ್ಟಿದ್ದೇ ಹೀಗೆ. ಅಂಗಡಿಯಲ್ಲಿ ಕೆಲಸ ಅಣ್ಣನದು, ಮಾತು ನನ್ನದು. ಅವನು ನನಗಿಟ್ಟ ಹೆಸರು ಬಲೂನು. "ಏ ಬಲೂನು, ಸ್ವಲ್ಪ ಗಾಳಿ ಇಳಿಸ್ಕೊಂಡು ಆ ಕಡೆ ಹಿಡ್ಕೊ" ಎನ್ನುವುದು ದಿನಕ್ಕೆ ನೂರು ಸಲ ಕೇಳುತ್ತಿದ್ದ ಮಾತು.

ಗಾಜು ಹೊರುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ದೊಡ್ಡ ಹಾಳೆಯನ್ನು ಅಂಚಿನ ಮೇಲೆ ನಿಲ್ಲಿಸಿಕೊಂಡು ಇಬ್ಬರು ಹೊರುತ್ತೇವೆ. ಒಬ್ಬ ಮುಂದೆ, ಒಬ್ಬ ಹಿಂದೆ. ಹಿಂದಿನವನಿಗೆ ಮುಂದಿನವನ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಾಗಾಗಿ ದಾರಿಯಲ್ಲಿ ಏನು ಬಂದರೂ ಮುಂದಿನವನು ಕೂಗಿ ಹೇಳಬೇಕು: ಮೆಟ್ಲು, ತಿರುವು, ಬಾಗಿಲು, ನೀರು. ಹಿಂದಿನವನು "ಹಾಂ" ಎನ್ನಬೇಕು. ಗಾಜು ಕೈಯಲ್ಲಿರುವಷ್ಟು ಹೊತ್ತು ಬೇರೆ ಮಾತಿಲ್ಲ. ಜಾರಿದರೆ ಗಾಜನ್ನು ಬಿಟ್ಟುಬಿಡಬೇಕು, ಗಾಜು ಮತ್ತೆ ಸಿಗುತ್ತದೆ. ಇವೆಲ್ಲ ಅಣ್ಣ ಮಾಡಿದ ಕಾನೂನು. 'ಬೇರೆ ಮಾತಿಲ್ಲ' ಎಂಬುದನ್ನು ಮಾತ್ರ ವಿಶೇಷವಾಗಿ ನನಗೋಸ್ಕರ ಮಾಡಿದ್ದು.

ಅಣ್ಣನ ತಲೆಗೆ ಪೆಟ್ಟು ಬಿದ್ದದ್ದು ಹೇಗೆ ಎಂಬುದನ್ನು ನಾನು ಜನರಿಗೆ ಮೂರು ಥರ ಹೇಳಿದ್ದೇನೆ. ಆಸ್ಪತ್ರೆಯ ಬಾಗಿಲಲ್ಲಿ ಅದು ಫುಟ್‌ಪಾತಿಗೆ ನುಗ್ಗಿದ ಬೈಕಾಗಿತ್ತು. ವಾರ್ಡಿನಲ್ಲಿ ನೆಂಟರು ಸೇರುವ ಹೊತ್ತಿಗೆ ಕಾರಾಯಿತು. ತಿಂಗಳು ತುಂಬುವುದರೊಳಗೆ ಬ್ರೇಕು ಕೆಟ್ಟ ಲಾರಿಯಾಗಿ, ರಸ್ತೆ ದಾಟುತ್ತಿದ್ದ ಒಬ್ಬ ಅಜ್ಜಿಯೂ ಸೇರಿಕೊಂಡು, ಅಣ್ಣ ಆಕೆಯನ್ನು ಈಚೆಗೆಳೆದು ಬದುಕಿಸಿ ತಾನು ಬಿದ್ದ ಎಂಬಲ್ಲಿಗೆ ಬಂದು ನಿಂತಿತು. ಆ ಅಜ್ಜಿಗೆ ನಾನು ಒಂದು ಊರುಗೋಲನ್ನೂ ಕೊಟ್ಟೆ.

ಆದದ್ದು ಇಷ್ಟು. ಒಂದು ಹೊಸ ಕಚೇರಿ ಕಟ್ಟಡ. ನಾಲ್ಕು ಮೆಟ್ಟಿಲು ಇಳಿದು ಹೋಗುವ ಹಾಲಿನ ಬಾಗಿಲಿಗೆ ಏಳಡಿಯ ಗಾಜು. ನಾನು ಮುಂದೆ, ಅಣ್ಣ ಹಿಂದೆ. ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ವಾಚ್‌ಮನ್, "ಅಬ್ಬಬ್ಬ, ಏನ್ ಗಾಜು ಮಾರಾಯ್ರೆ!" ಎಂದ. ಇಂಥ ಮಾತು ಕೇಳಿ ಸುಮ್ಮನಿರಲು ನಾನೇನು ಕಲ್ಲೇ? "ಇದೇನ್ ಮಹಾ! ಇದರ ಎರಡರಷ್ಟನ್ನ ನಮ್ಮಣ್ಣ ಒಬ್ಬನೇ ಹೊರ್ತಾನೆ" ಎಂದು ಶುರು ಮಾಡಿದೆ. ಹೇಳುತ್ತ ಹೇಳುತ್ತಲೇ ನನ್ನ ಕಾಲು ಮೊದಲನೆಯ ಮೆಟ್ಟಿಲು ಇಳಿಯಿತು. ಬಾಯಿ "ಮೆಟ್ಲು" ಎನ್ನಲಿಲ್ಲ. ಹಿಂದೆ ಅಣ್ಣನ ಪಾದ ನೆಲವಿದೆಯೆಂದು ನಂಬಿ ಗಾಳಿಯ ಮೇಲೆ ಇಳಿಯಿತು. ಹಿಮ್ಮುಖವಾಗಿ ಬಿದ್ದ. ಮೆಟ್ಟಿಲಿನ ಕಲ್ಲಂಚು ತಲೆಯ ಹಿಂಭಾಗಕ್ಕೆ ಬಡಿಯಿತು. ಅವನು ಗಾಜು ಬಿಡಲಿಲ್ಲ. ಬಿಟ್ಟಿದ್ದರೆ ಕೈ ಊರಿ ತಲೆ ಉಳಿಸಿಕೊಳ್ಳುತ್ತಿದ್ದ. ಗಾಜು ಜಾರಿ ನನ್ನ ಕುತ್ತಿಗೆಗೆ ಬರುತ್ತಿತ್ತು. ಅದಕ್ಕೇ ಬಿಡಲಿಲ್ಲವೋ, ಬಿಡುವಷ್ಟು ಹೊತ್ತೇ ಸಿಗಲಿಲ್ಲವೋ, ಅದು ಅವನೊಬ್ಬನಿಗೆ ಗೊತ್ತಿತ್ತು. ಈಗ ಅವನಿಗೂ ಗೊತ್ತಿಲ್ಲ.

ವಾಚ್‌ಮನ್ ಆಂಬುಲೆನ್ಸಿನವರಿಗೆ "ಮೆಟ್ಲಿಂದ ಬಿದ್ರು" ಎಂದಷ್ಟೇ ಹೇಳಿದ. ನಾನು ನುಂಗಿಕೊಂಡ ಒಂದು ಮಾತು ತಿಳಿದಿದ್ದವರು ಲೋಕದಲ್ಲಿ ಇಬ್ಬರೇ. ಅವರಲ್ಲೊಬ್ಬ ಹನ್ನೊಂದು ದಿನ ಕಣ್ಣು ತೆರೆಯಲಿಲ್ಲ. ತೆರೆದಾಗ, ಬಿದ್ದ ದಿನದ ಆ ಬೆಳಗ್ಗೆ ಅವನ ತಲೆಯಲ್ಲಿ ಎಲ್ಲೂ ಇರಲಿಲ್ಲ. "ಏನಾಯ್ತೋ ನನಗೆ?" ಎಂದು ಅವನು ಕೇಳಿದಾಗ ನಾನು ಬಿಕ್ಕಿಬಿಕ್ಕಿ ಅತ್ತೆ. ಸಂತೋಷಕ್ಕೆ ಅಳುತ್ತಿದ್ದಾನೆ ಎಂದುಕೊಂಡರು ಎಲ್ಲರೂ. ಅರ್ಧ ಸರಿ.

ಗಾಯ ಒಣಗಿದ ಮೇಲೆ ಡಾಕ್ಟರು ಕಾಗದಕ್ಕೆ ಸಹಿ ಹಾಕಿ, "ಮನೆಗೆ ಕರ್ಕೊಂಡು ಹೋಗಿ, ನಿಧಾನಕ್ಕೆ ಸರಿಹೋಗತ್ತೆ" ಎಂದು ಕಳಿಸಿದರು. ಮನೆಗೆ ಬಂದವನು ನೋಡಲು ನಮ್ಮಣ್ಣನ ಹಾಗೆಯೇ ಇದ್ದ. ಅದೇ ತೊಂದರೆಯಾಯಿತು. ನೋಡಲು ಬಂದವರೆಲ್ಲ "ಚೆನ್ನಾಗೇ ಇದಾನಲ್ಲ, ನೀವೇ ಸುಮ್ನೆ ಹೆದರ್ತೀರಿ" ಎಂದು ಚಹಾ ಕುಡಿದು ಹೋಗುತ್ತಿದ್ದರು. ಅವರು ಬಾಗಿಲು ದಾಟುವ ಮೊದಲೇ ಅಣ್ಣ, "ಈಗ ಬಂದಿದ್ದು ಯಾರು?" ಎನ್ನುತ್ತಿದ್ದ. "ಅಂಗಡಿ ಬಾಗಿಲು ತೆಗೆದ್ಯಾ?" ಎಂದು ದಿನಕ್ಕೆ ನಾನೂರು ಸಲ ಕೇಳುತ್ತಿದ್ದ. ಸರಿ, ನಲವತ್ತು. ಎಡಗೈಯಲ್ಲಿ ಬಲ ಕಡಿಮೆಯಾಗಿತ್ತು. ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಟ್ಟು, ಕದ್ದವರು ಯಾರೆಂದು ಮನೆಯವರ ಮೇಲೆಲ್ಲ ಹರಿಹಾಯುತ್ತಿದ್ದ. ಜೀವಮಾನದಲ್ಲಿ ಧ್ವನಿ ಎತ್ತದ ಮನುಷ್ಯ, ತಟ್ಟೆಯ ಸದ್ದಾಯಿತೆಂದು ಅತ್ತಿಗೆಯ ಮೇಲೆ ಕೂಗಾಡಿ, ಐದು ನಿಮಿಷದ ಮೇಲೆ ಅವರ ಕೆಂಪು ಕಣ್ಣು ನೋಡಿ, "ಯಾರೇ ನಿನ್ನ ಬೈದಿದ್ದು? ಹೇಳು, ವಿಚಾರಿಸ್ತೀನಿ" ಎನ್ನುತ್ತಿದ್ದ.

ಅತ್ತಿಗೆ ದಾರಿ ಹುಡುಕಿದ ಬಗೆಯನ್ನು ಹೇಳುವಾಗ ಮಾತ್ರ ನಾನು ಎಷ್ಟು ಉಬ್ಬಿಸಿದರೂ ಕಡಿಮೆಯೇ. ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಅವರು ಊರಿನ ಪ್ರತಿಯೊಂದು ಆಸ್ಪತ್ರೆಯ ಪ್ರತಿಯೊಂದು ಕಿಟಕಿಯ ಮುಂದೆ ನಿಂತರು. ಅವರ ಮುಖ ಕಂಡರೆ ಸಾಕು, ಗುಮಾಸ್ತರು ಊಟಕ್ಕೆ ಏಳುತ್ತಿದ್ದರು. "ಮೂಳೆ ಮುರಿದಿದ್ರೆ ಹೇಳಿ, ನೆನಪಿಗೆಲ್ಲ ನಮ್ಮಲ್ಲಿ ವಿಭಾಗ ಇಲ್ಲಮ್ಮ" ಎಂದರು ಒಬ್ಬರು. "ಹುಚ್ಚಲ್ಲವಲ್ಲ, ಮತ್ತೇನು?" ಎಂದರು ಇನ್ನೊಬ್ಬರು. ಕೊನೆಗೆ ಲಿಫ್ಟಿನಲ್ಲಿ ಸಿಕ್ಕ ಒಬ್ಬ ನರ್ಸು, ಮೂರನೇ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ, ತಲೆಗೆ ಪೆಟ್ಟಾದವರಿಗೆಂದೇ ಒಂದು ಘಟಕ ಇದೆ ಎಂದು ಹೇಳಿದಳು. ಅದು ಅದೇ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿತ್ತು. ಅತ್ತಿಗೆ ಅದರ ಬಾಗಿಲ ಮುಂದೆ ಕಡಿಮೆಯೆಂದರೂ ಇಪ್ಪತ್ತು ಸಲ ಹಾದುಹೋಗಿದ್ದರು. ಆರು ವಾರ ಕಾದ ಮೇಲೆ ಸೀಟು ಸಿಕ್ಕಿತು. ನಿಯಮ ಒಂದೇ: ಹೇಳದೆ ಕೇಳದೆ ಮೂರು ಸಲ ತಪ್ಪಿಸಿದರೆ ಸೀಟು ಸಾಲಿನಲ್ಲಿರುವ ಮುಂದಿನವರಿಗೆ.

ಆ ಕೋಣೆಯಲ್ಲಿ ಒಂದು ಒಲೆ, ಒಂದು ಸಿಂಕು, ಗೋಡೆಯಷ್ಟಗಲದ ಕ್ಯಾಲೆಂಡರು, ಒಂದು ಉದ್ದನೆಯ ಮೇಜು. ಅಲ್ಲಿನ ಥೆರಪಿಸ್ಟ್ ಮೇಡಂ ಕೊರಳಿಗೆ ಅಡುಗೆಮನೆಯ ಟೈಮರನ್ನು ದಾರ ಕಟ್ಟಿ ನೇತುಹಾಕಿಕೊಂಡಿದ್ದರು. ನಾನು ಮೊದಲ ದಿನವೇ ಟಿಕ್‌ಟಿಕ್ ಮೇಡಂ ಎಂದು ಹೆಸರಿಟ್ಟೆ. ಅಣ್ಣನ ಕೈಯಲ್ಲಿ ಅವರು ಚಹಾ ಮಾಡಿಸಿದರು. ಗೋಡೆಗೆ ಆರು ಸಾಲಿನ ಪಟ್ಟಿ: ನೀರು, ಒಲೆ, ಪುಡಿ, ಹಾಲು, ಸೋಸುವುದು, ಒಲೆ ಆರಿಸುವುದು. ಒಂದೊಂದು ಮಾಡಿದ ಮೇಲೆ ಗೀಟು ಹಾಕಬೇಕು. ಕಣ್ಣಳತೆಯಲ್ಲೇ ನೂಲೆಳೆಯಷ್ಟು ವ್ಯತ್ಯಾಸ ಹಿಡಿಯುತ್ತಿದ್ದ ನನ್ನಣ್ಣ ಒಲೆ ಹಚ್ಚುವುದನ್ನು ಮರೆತು, ತಣ್ಣೀರಿಗೆ ಪುಡಿ ಹಾಕಿ, ಅದನ್ನೇ ನೋಡುತ್ತ ನಿಂತ. ನಾನು ಹೊರಗೆ ಹೋಗಿ ಒಗೆದ ಬೆಡ್‌ಶೀಟುಗಳನ್ನು ಎಣಿಸಿದೆ.

ಎರಡನೆಯ ವಾರ ಮೇಡಂ ಒಂದು ದಪ್ಪ ನೋಟ್‌ಬುಕ್ ಕೊಟ್ಟರು. "ಇದು ಅವರ ನೆನಪಿನ ಪುಸ್ತಕ. ಅವರು ಯಾರು, ಏನಾಗಿದೆ, ಏನು ಮಾಡ್ಬಹುದು, ಏನು ಮಾಡ್ಬಾರ್ದು, ಎಲ್ಲ ಸಣ್ಣ ಸಣ್ಣ ವಾಕ್ಯದಲ್ಲಿ ಬರೀರಿ. ದಿನಾ ಬೆಳಗ್ಗೆ ಓದ್ತಾರೆ. ಓದಿದ್ದು ಮೆಲ್ಲಗೆ ಒಳಗೆ ಕೂರತ್ತೆ. ಆದದ್ದನ್ನ ಮಾತ್ರ ಬರೀಬೇಕು. ಈ ಥರ ಪೆಟ್ಟಾದವರ ತಲೆಯೊಳಗೆ ಒಂದು ತಪ್ಪು ಹೋದ್ರೆ, ಅದು ತಪ್ಪು ಅನ್ನೋದು ಅವರಿಗೆ ನೆನಪಿರಲ್ಲ. ತಪ್ಪೇ ನೆನಪಿರತ್ತೆ."

ಮೊದಲ ಪುಟ ಅತ್ತಿಗೆ ಬರೆದರು. 'ನಾನು ನಿಮ್ಮ ಹೆಂಡತಿ. ಮದುವೆಯಾಗಿ ಹದಿನಾರು ವರ್ಷ. ಬಚ್ಚಲುಮನೆ ಎಡಕ್ಕೆ. ಒಲೆ ಒಬ್ಬರೇ ಹಚ್ಚಬೇಡಿ.' ಆಮೇಲೆ ಪುಸ್ತಕ ನನ್ನ ಕಡೆ ತಳ್ಳಿ, "ಅಂಗಡಿ ವಿಷಯ, ಬಿದ್ದ ವಿಷಯ ನೀನೇ ಬರಿಯಪ್ಪ. ಅಲ್ಲಿ ಇದ್ದವನು ನೀನು" ಎಂದರು.

ಬರೆದೆ. ಎರಡನೇ ಪುಟ: 'ನಿನ್ನಂಥ ಗಾಜಿನ ಕೆಲಸಗಾರ ಈ ಊರಿನಲ್ಲಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದಿಲ್ಲ. ಏಳಡಿ ಗಾಜನ್ನು ಒಬ್ಬನೇ ಎತ್ತುತ್ತೀಯ. ಅಳತೆಪಟ್ಟಿ ಮುಟ್ಟುವುದಿಲ್ಲ.' ಮೂರನೇ ಪುಟದಲ್ಲಿ ಲಾರಿ ಬಂತು, ಅಜ್ಜಿ ಬಂದಳು, ಊರುಗೋಲು ಬಂತು. ಅವನಿಗೆ ಧೈರ್ಯ ತುಂಬಲು ಬರೆಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಹೇಳಿದ್ದನ್ನು ಯಾವಾಗಲೂ ನಂಬುವ ಒಬ್ಬ ಮನುಷ್ಯನಿದ್ದಾನೆ, ಅದು ನಾನೇ.

ಅಣ್ಣ ದಿನಾ ಬೆಳಗ್ಗೆ ಮಂಚದ ತುದಿಯಲ್ಲಿ ಕೂತು ಪುಸ್ತಕ ಓದಲು ಶುರು ಮಾಡಿದ. ಮೊದಲ ಪುಟಕ್ಕೆ ತಲೆ ತಗ್ಗುತ್ತಿತ್ತು. ಎರಡನೆಯದಕ್ಕೆ ಬೆನ್ನು ನೆಟ್ಟಗಾಗುತ್ತಿತ್ತು. ಮೂರನೆಯದು ಮುಗಿಸಿ, "ಅಜ್ಜಿ ಹೇಗಿದಾರಂತೆ?" ಎಂದು ಕೇಳುತ್ತಿದ್ದ. "ಗುಂಡುಕಲ್ಲಿನ ಹಾಗಿದಾರೆ" ಎನ್ನುತ್ತಿದ್ದೆ ನಾನು. ಅತ್ತಿಗೆ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಆಸ್ಪತ್ರೆಯ ಕಾಗದದಲ್ಲಿ ಮೆಟ್ಟಿಲು ಎಂದು ಬರೆದಿದ್ದನ್ನು ಅವರು ಎಂದೋ ಓದಿದ್ದರು. ಗಂಡನ ಬೆನ್ನು ನೆಟ್ಟಗಾಗುವುದನ್ನು ಕಂಡು ಏನೂ ಕೇಳದೆ ಇದ್ದರು.

ಹದಿನೈದು ದಿನ ಕಳೆಯುವುದರೊಳಗೆ ಪುಸ್ತಕ ಒಳಗೆ ಕೂತಿತು. ಒಂದು ಬೆಳಗ್ಗೆ ಅಣ್ಣ ಚಪ್ಪಲಿ ಹಾಕಿಕೊಳ್ಳಲು ಒಪ್ಪಲಿಲ್ಲ. "ಏಳಡಿ ಗಾಜು ಎತ್ತೋ ಮನುಷ್ಯನಿಗೆ ಆ ಹೆಂಗಸು ಅಂಗಿ ಗುಂಡಿ ವಿಂಗಡಿಸೋಕೆ ಹಚ್ತಾಳೆ. ನಾನೇನು ಕೂಸೇನೇ? ಬರಲ್ಲ."

"ಬರ್ಬೇಕು ರೀ. ಡಾಕ್ಟ್ರು ಹೇಳಿದಾರೆ."

"ಡಾಕ್ಟ್ರಿಗೆ ಗಾಜಿನ ವಿಷಯ ಏನ್ ಗೊತ್ತು?"

ಒಂದು ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಮೂರನೆಯ ಬೆಳಗ್ಗೆ ಅತ್ತಿಗೆ ಸ್ನಾನಕ್ಕೆ ಹೋದಾಗ ಅವನು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮನೆಯಿಂದ ಹೊರಟ. ಇಪ್ಪತ್ತು ವರ್ಷ ನಡೆದ ದಾರಿ, ಕಾಲಿಗೆ ನೆನಪಿತ್ತು. ನಾನು ಅಂಗಡಿ ಬಾಗಿಲು ತೆರೆದಿಟ್ಟು, ಎದುರು ಮನೆಯ ಕಿಟಕಿಗೆ ಅಳತೆ ತೆಗೆಯುತ್ತಿದ್ದೆ. ಗಾಜು ಬೀಳುವ ಸದ್ದು ನನಗೆ ಹೊಸದಲ್ಲ. ಆದರೆ ಅಂಥ ಸದ್ದನ್ನು ನಾನು ಕೇಳಿರಲಿಲ್ಲ. ಇಡೀ ಬೀದಿಯೇ ಒಡೆದುಹೋದ ಹಾಗಿತ್ತು. ಇಲ್ಲಿ ನಾನು ಏನನ್ನೂ ಸೇರಿಸುತ್ತಿಲ್ಲ.

ಅಣ್ಣ ಅಂಗಡಿಯ ನಡುವೆ ನಿಂತಿದ್ದ. ಸುತ್ತ ಮೊಣಕಾಲಿನವರೆಗೂ ಗಾಜು ಎನ್ನುವಂತೆ ಚೂರುಗಳು. ಬಲಗೈ ಇನ್ನೂ ಗಾಜು ಹಿಡಿದ ಭಂಗಿಯಲ್ಲೇ ಇತ್ತು. ಎಡಗೈ ಪಕ್ಕದಲ್ಲಿ ಜೋತುಬಿದ್ದಿತ್ತು. ಮೊಣಕಾಲಿನ ಕೆಳಗೆ ಪ್ಯಾಂಟು ಸೀಳಿ ರಕ್ತ ಪಾದಕ್ಕೆ ಇಳಿಯುತ್ತಿತ್ತು.

"ಯಾರೋ ಒಡೆದಿದ್ದು ಇದನ್ನ?" ಎಂದ ನನ್ನನ್ನು ನೋಡಿ.

"ಅಣ್ಣ, ಅಲ್ಲಾಡ್ಬೇಡ. ನಿಂತಲ್ಲೇ ನಿಲ್ಲು."

ಪೊರಕೆಯಿಂದ ದಾರಿ ಮಾಡಿಕೊಂಡು ಹೋಗಿ, ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಲಿಗೆ ಬಟ್ಟೆ ಸುತ್ತಿದೆ. ಅವನು ಮೇಜಿನ ಮೇಲಿದ್ದ ಪುಸ್ತಕವನ್ನೆಳೆದು ಎರಡನೆಯ ಪುಟ ತೆಗೆದು, ಬೆರಳಿಟ್ಟು, ಶಾಲೆಯ ಮಕ್ಕಳ ಹಾಗೆ ಒಂದೊಂದೇ ಅಕ್ಷರ ಓದಿದ. "ಏಳಡಿ ಗಾಜನ್ನು ಒಬ್ಬನೇ ಎತ್ತುತ್ತೀಯ." ಆಮೇಲೆ ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಇದು ನಿನ್ನ ಅಕ್ಷರ ಅಲ್ವೇನೋ? ಇಲ್ಲಿ ಬರ್ದಿದೆ. ಮತ್ತೆ ಯಾಕೆ ಬಿತ್ತು?"

ನಾನು ಕಾಲಿನ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದೆ. ನನ್ನ ಬಾಯಿಂದ ಉತ್ತರ ಹೊರಡದ ಪ್ರಶ್ನೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಅತ್ತಿಗೆ ಒದ್ದೆ ಕೂದಲಲ್ಲೇ ಓಡಿಬಂದರು. ಚೂರುಗಳನ್ನು ನೋಡಿದರು, ಕಾಲು ನೋಡಿದರು, ತೆರೆದ ಪುಟ ನೋಡಿದರು. ಕೂಗಾಡಲಿಲ್ಲ. "ಕಾರು ಕರಿ. ಇವತ್ತು ಮೂರನೇ ಸಲ. ಇವತ್ತು ತಪ್ಪಿದ್ರೆ ಸೀಟು ಹೋಗತ್ತೆ" ಎಂದರು, ಅಷ್ಟೆ. ಬಾಡಿಗೆ ಕಾರಿನಲ್ಲಿ ಅಣ್ಣನನ್ನು ನಡುವೆ ಕೂರಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಅವನು "ಕಾಲಿಗೆ ಏನಾಯ್ತು?" ಎಂದು ಕೇಳುತ್ತಿದ್ದ. ಅತ್ತಿಗೆ ಪ್ರತಿ ಸಲವೂ "ಗಾಜು ತಾಗ್ತು" ಎಂದು ಒಂದೇ ದನಿಯಲ್ಲಿ ಹೇಳುತ್ತಿದ್ದರು.

ಅವತ್ತು ಗುರುವಾರ. ಗುರುವಾರ ಹನ್ನೊಂದಕ್ಕೆ ಪೆಟ್ಟಾದವರೂ ಅವರ ಮನೆಯವರೂ ಒಟ್ಟಿಗೆ ಕೂತು ಮಾತಾಡುವ ದಿನ. ನಾನು ಅದುವರೆಗೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಹತ್ತು ಕುರ್ಚಿ ದುಂಡಗೆ ಹಾಕಿದ್ದರು. ಅಲ್ಲಿ ಹಳಬರೆಂದರೆ ಡ್ರೈವರಣ್ಣ. ಮೂವತ್ತು ವರ್ಷ ಬಸ್ಸು ಓಡಿಸಿದವರು, ಮೂರು ವರ್ಷದ ಹಿಂದೆ ಬಸ್ಸಿನ ಮೇಲ್ಗಡೆಯಿಂದ ಬಿದ್ದು ತಲೆ ಒಡೆದುಕೊಂಡವರು. ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು ಎಂಬ ಬ್ರೇಕು ಅವರಲ್ಲಿ ಹೋಗಿತ್ತು. ಮನಸ್ಸಿಗೆ ಬಂದದ್ದು ನೇರ ಬಾಯಿಗೆ.

ಮೇಡಂ ಅಣ್ಣನ ಕಾಲಿಗೆ ಹೊಸದಾಗಿ ಪಟ್ಟಿ ಕಟ್ಟಿಸಿ ಕರೆತಂದರು. ಒಂದು ಮೊಣಕಾಲಿನ ಮೇಲೆ ಪುಸ್ತಕ, ಇನ್ನೊಂದರ ಮೇಲೆ ಆಸ್ಪತ್ರೆಯ ಕಾಗದ ಇಟ್ಟುಕೊಂಡು ಓದಿದರು. ಓದುತ್ತಿದ್ದ ಹಾಗೆ ಅವರ ಕಿವಿ ಕೆಂಪಾಯಿತು.

"ಕಾಗದದಲ್ಲಿ ಮೆಟ್ಟಿಲು ಅಂತಿದೆ," ಎಂದರು. "ಲಾರಿ ಎಲ್ಲಿಂದ ಬಂತು?"

"ಲಾರಿನಾ?" ಡ್ರೈವರಣ್ಣ ನೆಟ್ಟಗಾದರು. "ಎಷ್ಟು ಚಕ್ರದ್ದು? ಲೋಡ್ ಇತ್ತಾ, ಖಾಲಿಯಾ?"

ಉತ್ತರ ಕೊಟ್ಟವನು ಅಣ್ಣ. "ಲೋಡ್ ಇತ್ತು. ಇಟ್ಟಿಗೆ. ಬ್ರೇಕ್ ಹಿಡೀಲಿಲ್ಲ. ಅಜ್ಜಿ ಕಂದು ಸೀರೆ ಉಟ್ಟಿದ್ರು. ನನ್ನ ಕೈ ಹಿಡ್ಕೊಂಡು, ಮಗನೇ, ಅಂದ್ರು."

ಇಟ್ಟಿಗೆಯನ್ನು ನಾನು ಬರೆದಿರಲಿಲ್ಲ. ಕಂದು ಸೀರೆಯನ್ನು ಬರೆದಿರಲಿಲ್ಲ. 'ಮಗನೇ' ಎಂಬ ಮಾತು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನನ್ನ ಮೂರು ಸಾಲಿನ ಸುಳ್ಳನ್ನು ಒಳಗೆ ಇಟ್ಟುಕೊಂಡು, ಖಾಲಿ ಇದ್ದ ಜಾಗವನ್ನೆಲ್ಲ ಅವನು ತಾನೇ ತುಂಬಿಸಿಕೊಂಡಿದ್ದ. ಆ ಮುಖದಲ್ಲಿ ಪೂರ್ತಿ ಸಮಾಧಾನವಿತ್ತು.

"ಲಾರಿ ಬರಲೇ ಇಲ್ಲ," ಎಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಿದೆ. ಏಳಡಿ ಗಾಜು, ನಾಲ್ಕು ಮೆಟ್ಟಿಲು, ವಾಚ್‌ಮನ್ ಆಡಿದ ಮಾತು, ನಾನು ಆಡಿದ ಮಾತು, ಆಡದೆ ಉಳಿದ ಮಾತು. ಇಡೀ ಜೀವಮಾನದಲ್ಲಿ ನಾನು ಹೇಳಿದ ಅತಿ ಚಿಕ್ಕ ಕತೆ ಅದು. ಮೇಡಂ ಟೈಮರ್ ಒತ್ತಿದ್ದರೆ ಒಂದು ನಿಮಿಷವೂ ಆಗುತ್ತಿರಲಿಲ್ಲ.

ಅಣ್ಣ ನನ್ನತ್ತ ಬೆರಳು ತೋರಿಸಿದ. "ಮೆಟ್ಲು ಅಂತ ಹೇಳ್ಬೇಕಿತ್ತು," ಎಂದ, ಕೆಲಸ ಕಲಿಸುವವರ ಹಾಗೆ.

"ಹೇಳ್ಬೇಕಿತ್ತು, ಅಣ್ಣ."

"ಗಾಜು ಕೈಲಿರೋವಾಗ ಬೇರೆ ಮಾತಾಡ್ಬಾರ್ದು."

"ಆಡ್ಬಾರ್ದಿತ್ತು."

ಅತ್ತಿಗೆ ಎದ್ದು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಕೊನೆಗೆ ಮಾತಾಡಿದವರು ಡ್ರೈವರಣ್ಣ. "ನಮ್ಮ ಮನೆಯವರೂ ನನಗೆ ಹೀಗೇ ಮಾಡಿದ್ರು. ಆರು ತಿಂಗಳಲ್ಲಿ ಬಸ್ಸು ಹತ್ತಬಹುದು ಅಂದ್ರು. ಆರು ತಿಂಗಳು ಅದೇ ಖುಷೀಲಿ ಯೂನಿಫಾರ್ಮ್ ಇಸ್ತ್ರಿ ಮಾಡ್ಕೊಂಡು ಕೂತೆ. ಏಳನೇ ತಿಂಗಳು ಸತ್ಯ ಗೊತ್ತಾಯ್ತು. ಬಿದ್ದಿದ್ದಕ್ಕಿಂತ ಅದು ಜಾಸ್ತಿ ನೋಯ್ತು ಕಣಪ್ಪ." ಹಾಗೆಂದು, ಎಲ್ಲಿ ನಗಬಾರದೋ ಅಲ್ಲಿ ಗಟ್ಟಿಯಾಗಿ ನಕ್ಕರು.

ಅಣ್ಣನೂ ನಕ್ಕ. ನಗು ನಿಂತ ಮೇಲೆ ಸುತ್ತ ನೋಡಿ, "ಏನಾಯ್ತು? ಎಲ್ಲ ಯಾಕೆ ಸುಮ್ನಿದೀರಿ?" ಎಂದ.

ಹೋಗಿತ್ತು. ನಾನು ಹೇಳಿದ್ದಷ್ಟೂ, ಚಹಾದ ಆವಿಯ ಹಾಗೆ, ಹತ್ತು ನಿಮಿಷದೊಳಗೆ ಹೋಗಿತ್ತು. ನಾನೀಗ ನಿಮಗೆ ಹೇಳಬೇಕಾದ್ದನ್ನು ಹೇಳುತ್ತೇನೆ: ಆ ಕ್ಷಣ ನನಗೆ ಹಗುರಾಯಿತು. ಹೇಳಿದ್ದೂ ಆಯಿತು, ತಪ್ಪಿಸಿಕೊಂಡದ್ದೂ ಆಯಿತು. ಇಷ್ಟು ಸುಲಭವಾಗಿ ಯಾರಿಗೂ ಬಿಡುಗಡೆ ಸಿಕ್ಕಿರಲಾರದು.

ಅತ್ತಿಗೆ ಕಿಟಕಿಯಿಂದ ತಿರುಗಿದರು. ಅವರ ಕಣ್ಣು ಒಣಗಿತ್ತು. ಪುಸ್ತಕ ತೆಗೆದುಕೊಂಡು ಎರಡನೆಯ, ಮೂರನೆಯ ಹಾಳೆಗಳನ್ನು ಹೊಲಿಗೆಯವರೆಗೂ ಹರಿದರು. ಖಾಲಿ ಹಾಳೆ ತೆಗೆದು ನನ್ನ ಮುಂದಿಟ್ಟರು.

"ಈಗ ಹೇಳಿದ್ದನ್ನ ಬರಿ."

"ಅತ್ತಿಗೆ, ದಿನಾ ಓದ್ತಾನೆ ಅವನು."

"ಓದ್ಲಿ ಅಂತಲೇ ಹೇಳ್ತಿರೋದು."

"ದಿನಾ ಬೆಳಗ್ಗೆ ಅವನಿಗೆ ಹೊಸದಾಗಿ ಗೊತ್ತಾಗತ್ತೆ. ದಿನಾ ನಾನು..."

"ದಿನಾ ನೀನು," ಎಂದರು ಅತ್ತಿಗೆ. "ನಾನು ದಿನಾ ನನ್ನ ಗಂಡನಿಗೆ ನನ್ನ ಹೆಸರು ಹೇಳ್ತೀನಿ. ಬರಿಯಪ್ಪ."

ಆರು ಸಾಲು. ಬರೆಯಲು ಒಂದು ಗಂಟೆ ಹಿಡಿಯಿತು. 'ನಾವಿಬ್ಬರೂ ಗಾಜು ಹೊರುತ್ತಿದ್ದೆವು. ನಾನು ಮುಂದೆ ಇದ್ದೆ. ಮೆಟ್ಟಿಲು ಬಂತು. ನಾನು ಹೇಳಲಿಲ್ಲ, ಬೇರೆ ಮಾತಾಡುತ್ತಿದ್ದೆ. ನೀನು ಬಿದ್ದೆ. ಗಾಜು ಬಿಡಲಿಲ್ಲ.' ಮೇಡಂ ಓದಿ, "ಬೇರೇನೂ ಸೇರಿಸ್ಬೇಡಿ" ಎಂದರು. ಎರಡನೆಯ ಪುಟದಲ್ಲಿ ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದೆ: 'ನಿನ್ನ ಎಡಗೈಗೆ ಬಲ ಕಡಿಮೆ. ಗಾಜು ಎತ್ತಬೇಡ. ಗುರುತು ಹಾಕಬಹುದು, ಅಳತೆಪಟ್ಟಿ ಇಟ್ಟು.' ನಮ್ಮ ಸೀಟು ಉಳಿಯಿತು.

ಬೆಳಗ್ಗೆ ಅವನು ಓದುವ ಹೊತ್ತಿಗೆ ನಾನು ಎದುರಿಗೆ ಇರಬೇಕು ಎಂಬುದು ಅತ್ತಿಗೆ ಮಾಡಿದ ಹೊಸ ಕಾನೂನು. ಮೂರನೆಯ ಪುಟ ಮುಗಿಸಿ ಅಣ್ಣ ತಲೆ ಎತ್ತುವುದನ್ನು ಕಾಯುತ್ತ ಬಾಗಿಲ ಚೌಕಟ್ಟಿಗೆ ಆತು ನಿಲ್ಲುತ್ತಿದ್ದೆ. ಒಂದು ದಿನ ಚಪ್ಪಲಿ ಎಸೆದ. ಒಂದು ದಿನ "ಹೋಗ್ಲಿ ಬಿಡೋ" ಎಂದ. ಒಂದು ದಿನ ಅತ್ತ. ಒಂದು ದಿನ "ನಿನಗೆ ಪೆಟ್ಟಾಗ್ಲಿಲ್ವಲ್ಲ?" ಎಂದು ಕೇಳಿದ, ಅವತ್ತು ನಾನು ಅಂಗಡಿ ತೆರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಅಳಿಸಿಹೋಗಿ, ಊಟಕ್ಕೆ ಕೂತಾಗ ಪಕ್ಕದ ಜಾಗ ತಟ್ಟಿ, "ಬಾರೋ ಬಲೂನು, ಕೂತ್ಕೊ" ಎನ್ನುತ್ತಿದ್ದ. ಕೇಳಲಾರದಷ್ಟು ಕಷ್ಟದ ಮಾತು ಅದು.

ಆದರೆ ಘಟಕದಲ್ಲಿ ಮೇಡಂ ಪುಸ್ತಕ ಮುಚ್ಚಿಟ್ಟು, "ನಿಮಗೆ ಪೆಟ್ಟು ಹೇಗಾಯ್ತು? ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ, ಊಹೆ ಬೇಡ" ಎಂದು ಕೇಳಿದರೆ, ಅವನ ಉತ್ತರ "ಲಾರಿ." ನಾಲ್ಕನೆಯ ವಾರವೂ ಲಾರಿ. ಏಳನೆಯ ವಾರವೂ ಲಾರಿ. ಅಷ್ಟರಲ್ಲಿ ಅವನು ಚಹಾ ಒಬ್ಬನೇ ಮಾಡುತ್ತಿದ್ದ, ಪಟ್ಟಿಗೆ ಗೀಟು ಹಾಕುತ್ತ. ಕನ್ನಡಕಕ್ಕೆ ಒಂದು ಜಾಗವಾಗಿತ್ತು. ಸಿಟ್ಟು ಬಂದಾಗ ಎದ್ದು ಹೊರಗೆ ಹೋಗಿ ಇಪ್ಪತ್ತು ಹೆಜ್ಜೆ ನಡೆದು ಬರುವುದು ಅಭ್ಯಾಸವಾಗಿತ್ತು. ಅತ್ತಿಗೆ ಗುರುವಾರದ ಕುರ್ಚಿಗಳಲ್ಲಿ ಮೊದಲ ಸಲ ನಕ್ಕಿದ್ದರು. ಎಲ್ಲವೂ ಇಂಚಿಂಚು ಮುಂದೆ ಹೋಗುತ್ತಿತ್ತು, ನನ್ನ ಲಾರಿಯೊಂದು ಮಾತ್ರ ನಿಂತಲ್ಲೇ ನಿಂತಿತ್ತು. ಇಷ್ಟು ಗಟ್ಟಿಯಾದ ಕೆಲಸವನ್ನು ನಾನು ಇನ್ಯಾವುದರಲ್ಲೂ ಮಾಡಿಲ್ಲ.

"ತೆಗೆಯೋಕೆ ಹಾಕಿದ್ದಕ್ಕಿಂತ ಹತ್ತರಷ್ಟು ಹೊತ್ತು ಬೇಕು," ಎಂದರು ಮೇಡಂ.

ಹದಿನಾಲ್ಕನೆಯ ವಾರ, ಒಂದು ಮಂಗಳವಾರ. ಹಿಂದಿನ ಸಂಜೆ ಪುಸ್ತಕವನ್ನು ಘಟಕದಲ್ಲೇ ಮರೆತು ಬಂದಿದ್ದೆವು. ಹಾಗಾಗಿ ಬೆಳಗ್ಗೆ ಓದಿರಲಿಲ್ಲ. ಮೇಡಂ ಎಂದಿನಂತೆ ಕೇಳಿದರು. ಅಣ್ಣ ಬಾಯಿ ತೆರೆದು, "ಲಾ..." ಎಂದು ನಿಲ್ಲಿಸಿದ. ಹಣೆ ಉಜ್ಜಿಕೊಂಡ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗೆ ನೋಡಿದ, ಅಲ್ಲೇನೋ ಆಳವಿದ್ದ ಹಾಗೆ.

"ಮೆಟ್ಲು ಇತ್ತು," ಎಂದ. ಗಲ್ಲದಿಂದ ನನ್ನನ್ನು ತೋರಿಸಿದ. "ಇವನು ಹೇಳ್ಲಿಲ್ಲ."

ಮೇಡಂ ಟೈಮರನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಅತ್ತಿಗೆಯ ಕೈ ನನ್ನ ತೋಳಿನ ಮೇಲೆ ಬಿತ್ತು. ಉಗುರು ಊರಿದ ಗುರುತು ಎರಡು ದಿನ ಇತ್ತು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಅಣ್ಣ ನನ್ನ ಪಕ್ಕ ಕೂರಲಿಲ್ಲ. ಮಧ್ಯಾಹ್ನ ಪಕ್ಕದ ಜಾಗ ತಟ್ಟಲಿಲ್ಲ. ಮರುದಿನ ಬೆಳಗ್ಗೆ, ಅವನು ಪುಸ್ತಕ ತೆರೆಯುವುದಕ್ಕೆ ಮೊದಲೇ, ನಾನು ಚಹಾ ಹಿಡಿದು ಒಳಗೆ ಹೋದರೆ ಮುಖ ಗೋಡೆಗೆ ತಿರುಗಿಸಿದ. ಲೋಟ ಅಲ್ಲೇ ಇಟ್ಟು ಹೊರಗೆ ಬಂದೆ. ಅಡುಗೆಮನೆಯಲ್ಲಿ ಅತ್ತಿಗೆ ಫೋನು ಹಿಡಿದು ಮೇಡಂಗೆ ಪಿಸುದನಿಯಲ್ಲಿ ಹೇಳುತ್ತಿದ್ದರು: "ನಿನ್ನೆಯ ಸಿಟ್ಟು ಇವತ್ತೂ ಇದೆ ಮೇಡಂ! ಓದೇ ಇಲ್ಲ, ಹಾಗೇ ಇದೆ!" ಮಗು ಮೊದಲ ಹೆಜ್ಜೆ ಇಟ್ಟಿತು ಎನ್ನುವವರ ದನಿ.

ನಾಲ್ಕನೆಯ ದಿನ ನಾನು ತಡೆಯಲಾರದೆ, "ಅತ್ತಿಗೆ, ಒಂದು ಮಾತು ಆಡಿಸಿ ನೋಡ್ಲಾ?" ಎಂದೆ.

"ಮುಟ್ಬೇಡ," ಎಂದರು. "ಸಮಾಧಾನ ಮಾಡಿ ಕೆಡಿಸ್ಬಿಡ್ತೀಯ. ಇರ್ಲಿ ಅದು."

ಮುಂದಿನ ವಾರದ ಗುರುವಾರ ಡ್ರೈವರಣ್ಣ ತಮ್ಮ ಪಕ್ಕದ ಕುರ್ಚಿಯನ್ನು ನನಗೆಂದು ಎಳೆದಿಟ್ಟಿದ್ದರು. "ಇನ್ನೂ ಮಾತು ಬಿಟ್ಟಿದಾನಾ? ಭೇಷ್!" ಎಂದು ನನ್ನ ಬೆನ್ನಿಗೆ ಗುದ್ದಿದರು. ಎದುರಿಗೆ ಅಣ್ಣ ಗಲ್ಲ ಬಿಗಿ ಹಿಡಿದು ಕೂತಿದ್ದ. ಒಂದು ಸಲ ನನ್ನನ್ನು ನೋಡಿದ. ಅದು ಗೊತ್ತಿಲ್ಲದವರನ್ನು ನೋಡುವ ನೋಟವಲ್ಲ. ಇಪ್ಪತ್ತು ವರ್ಷ ಒಟ್ಟಿಗೆ ಗಾಜು ಹೊತ್ತವನ ಮೇಲೆ ಮಾತ್ರ ಬರುವಂಥ ಸಿಟ್ಟು.

ಅವನು ಮತ್ತೆ ನನ್ನೊಡನೆ ಮಾತಾಡುತ್ತಾನೋ ಇಲ್ಲವೋ, ನನಗೆ ಗೊತ್ತಿಲ್ಲ. ದಿನಾ ಬೆಳಗ್ಗೆ ಚೌಕಟ್ಟಿಗೆ ಆತು ನಿಲ್ಲುತ್ತೇನೆ. ಅವನು ಮುಖ ತಿರುಗಿಸುತ್ತಾನೆ. ಅತ್ತಿಗೆ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕುತ್ತಾರೆ. ಇವತ್ತಿಗೆ ಹತ್ತೊಂಬತ್ತು ಗೀಟುಗಳಾಗಿವೆ. ಇಪ್ಪತ್ತು ಎನ್ನಬಹುದಿತ್ತು. ಹತ್ತೊಂಬತ್ತೇ.